ಇಮಾಮಬಿಯವರ ಅಂಗಳದಿಂದ ಎಳೆದೊಯ್ದ ಚಕ್ಕಡಿ

ಮಾಮಲೇದಾರ ಸಾಹೇಬರೇ,

ಒಬ್ಬರ ಸ್ವಂತ ಅಂಗಳದಲ್ಲಿ, ಅವರ ಒಪ್ಪಿಗೆ ಪಡೆದು ನಿಲ್ಲಿಸಿದ ಚಕ್ಕಡಿಯನ್ನು ಸಂಬಂಧವಿಲ್ಲದ ಮೂರನೆಯವರು ಎಳೆದುಕೊಂಡು ಹೋದರೆ ಅದಕ್ಕೆ ಏನೆನ್ನಬೇಕು? ನಮ್ಮ ತಿಳವಳ್ಳಿಯಲ್ಲಿ ಕಳವು ಎನ್ನುತ್ತೇವೆ. ತಮ್ಮ ಪೇಟೆಯಲ್ಲಿ ಬಂದೋಬಸ್ತು ಎನ್ನುತ್ತಾರಂತೆ. ಅಷ್ಟಕ್ಕೇ ನಿಂತಿದ್ದರೆ ನಾನು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಆದರೆ ಆ ಚಕ್ಕಡಿಯನ್ನು ಬಿಡಿಸಿಕೊಟ್ಟ ಹೆಣ್ಣುಮಗಳ ಮೇಲೆಯೇ ಈಗ ಫಿರ್ಯಾದಾಗಿದೆ. ಆದ್ದರಿಂದ ಈ ಅರ್ಜಿಯನ್ನು ತಮ್ಮ ಕಚೇರಿಯ ಬದಲು ಪತ್ರಿಕೆಗೆ ಕಳಿಸಿದ್ದೇನೆ. ಇಲ್ಲಿಯಾದರೆ ಯಾರಾದರೂ ಓದಿಯಾರು.

ಲಡಾಯಿಯ ದೆಸೆಯಿಂದ ಪೆಟ್ರೋಲಿಲ್ಲದೆ ಮೋಟಾರು ನಿಂತಿರುವುದು ತಮಗೆ ಗೊತ್ತೇ ಇದೆ. ದಿನ ತುಂಬಿದ ನನ್ನ ಹೆಂಡತಿ ಅನ್ನವ್ವನನ್ನು ತವರಿಗೆ ಬಿಡಲು ಚಕ್ಕಡಿ ಹೂಡಿದ್ದೆ. ಪೇಟೆಯ ಹತ್ತಿರ ಎತ್ತಿನ ಲಾಳ ಕಳಚಿತು. ಎತ್ತುಗಳಿಗೆ ಲಾಳ ಕಟ್ಟುವ ಮಜೀದ ಮತ್ತು ಅವನ ವಿಧವೆ ಅಕ್ಕ ಇಮಾಮಬಿಯವರ ಮನೆ ಅಲ್ಲಿಯೇ ಇದೆ. ಅವರ ಅಪ್ಪನ ಕಾಲದಿಂದ ಆ ಅಂಗಳದಲ್ಲಿ ರೈತರ ಚಕ್ಕಡಿಗಳು ನಿಲ್ಲುತ್ತ ಬಂದಿವೆ. ಇಮಾಮಬಿಯವರೇ ನಿಲ್ಲಿಸೆಂದರು. ನಾನು ಚಕ್ಕಡಿ ನಿಲ್ಲಿಸುತ್ತಲೇ ಅನ್ನವ್ವನಿಗೆ ನೋವು ಶುರುವಾಯಿತು.

ಇಮಾಮಬಿಯವರು ಕೈಹಿಡಿದು ಇಳಿಸಿದರು. “ತಮ್ಮಾ, ನೀ ಎತ್ತಿನ ಕಡೆ ನೋಡು. ಇಕಿನ್ನ ನಾ ನೋಡಿಕೋತೇನಿ” ಎಂದು ಒಳಗೆ ಕರೆದೊಯ್ದು ಸೂಲಗಿತ್ತಿಗೆ ಹೇಳಿಕಳಿಸಿದರು. ಲಾಳ ಕಟ್ಟಿಸಿದ ಮೇಲೆ ನಾನೂ ಮಜೀದನೂ ಎತ್ತುಗಳಿಗೆ ನೀರು ಕುಡಿಸಲು ಬಾವಿಗೆ ಹೋದೆವು.

ಮರಳಿ ಬಂದಾಗ ಅಂಗಳ ಖಾಲಿ. ಬಾಗಿಲಲ್ಲಿ ಸೂಲಗಿತ್ತಿ ನಿಂತಿದ್ದಳು. “ಕೂಸು ಅಡ್ಡ ಐತ್ರಿ. ನನ್ನ ಕೈಲಿ ಆಗೂದಲ್ಲ. ಲಗೂನ ದವಾಖಾನಿಗೆ ಒಯ್ರಿ” ಎಂದಳು.

ಯಾವುದರಲ್ಲಿ ಒಯ್ಯಲಿ ಸಾಹೇಬರೇ? ಸರಕಾರಿ ಬಯಲಿನಲ್ಲಿ ಚಕ್ಕಡಿ ನಿಲ್ಲಿಸುವ ಗುತ್ತಿಗೆ ಹಿಡಿದವರು, ಎಲ್ಲರೂ ಕಾಸು ಕೊಟ್ಟು ತಮ್ಮ ಬಯಲಿಗೇ ಬರಲೆಂದು ನನ್ನ ಚಕ್ಕಡಿಯನ್ನು ಎಳೆಸಿ, ಗಾಲಿಗೆ ಸರಪಳಿ ಬಿಗಿದು ಕೀಲಿ ಹಾಕಿಸಿದ್ದರು. ಓಡಿಹೋಗಿ ಕಾವಲುಗಾರನ ಕಾಲು ಹಿಡಿದೆ.

“ನಂದೇನೈತ್ರಿ? ಗುತ್ತೇದಾರ್ರು ಉಂಡು ಮಲಗ್ಯಾರ. ಎದ್ದ ಮ್ಯಾಲ ಕೇಳ್ರಿ.”

“ನನ್ನ ಹೇಣ್ತಿ ಸಾಯಾಕತ್ತಾಳೋ ಮಾರಾಯಾ!”

ಅವನು ಮುಖ ತಿರುಗಿಸಿದ. ಮಲಗಿದವರ ಬಾಗಿಲು ಬಡಿದೆ. ಒಳಗಿನಿಂದ ಬೈಗುಳ ಬಂತು, ಬಾಗಿಲು ತೆರೆಯಲಿಲ್ಲ. ತಿರುಗಿ ಬರುವಷ್ಟರಲ್ಲಿ ಇಮಾಮಬಿಯವರು ಲಾಳದ ಸುತ್ತಿಗೆ ಹಿಡಿದು ಬಂದಿದ್ದರು.

“ನನ್ನ ಅಂಗಳಕ್ಕ ಕಾಲಿಡಾಕ ನಿಮಗ ಯಾರು ಹೇಳಿದ್ರು? ಆಚೆ ಸರದು ನಿಂದ್ರು!”

ಕಾವಲುಗಾರ ಸರಿದ. ಇಮಾಮಬಿಯವರ ಸುತ್ತಿಗೆಯ ಪೆಟ್ಟಿಗೆ ಕೀಲಿ ಒಡೆಯಿತು. ಮಜೀದ ಎತ್ತು ಹೂಡಿದ. ದವಾಖಾನೆಯ ದಾರಿಯುದ್ದಕ್ಕೂ ಇಮಾಮಬಿಯವರು ಅನ್ನವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

ಅನ್ನವ್ವ ಉಳಿದಳು. ಕೂಸು ಉಳಿಯಲಿಲ್ಲ.

ತಡವಾದದ್ದರಿಂದಲೇ ಕೂಸು ಹೋಯಿತೆಂದು ಡಾಕ್ಟರರು ಹೇಳಿಲ್ಲ. ಹೇಳದ್ದನ್ನು ನಾನೂ ಹೇಳಲಾರೆ. ನಾನು ಕೇಳುವುದು ಬೇರೆ: ತಡಮಾಡುವ ಹಕ್ಕು ಅವರಿಗೆಲ್ಲಿಂದ ಬಂತು? ತಾವು ಗುತ್ತಿಗೆ ಕೊಟ್ಟದ್ದು ಸರಕಾರಿ ಬಯಲಿಗೆ. ಇಮಾಮಬಿಯವರ ಅಂಗಳವನ್ನು ಯಾವಾಗ ಲಿಲಾವು ಹಾಕಿದಿರಿ? ನಮ್ಮ ಚಕ್ಕಡಿ ಅಲ್ಲಿ ಬೇಡವೆನ್ನುವ ಅಧಿಕಾರ ಅಂಗಳದ ಒಡತಿಗೆ ಮಾತ್ರ ಇದೆ. ಅವರೇ ನಿಲ್ಲಿಸೆಂದ ಮೇಲೆ ನಡುವೆ ಗುತ್ತೇದಾರರು ಯಾರು? ಬೀದಿಗೆ ಅಡ್ಡವಿದ್ದರೆ ಕರೆದು ಹೇಳಬಹುದಿತ್ತು. ಹೇಳದೆ ಕೇಳದೆ ಎಳೆದೊಯ್ಯುವವರನ್ನು ತಾವು ಹಿಡಿಯುವುದಿಲ್ಲ. ಸುತ್ತಿಗೆ ಎತ್ತಿದ ವಿಧವೆಗೆ ಮಾತ್ರ ಸಮನ್ಸು ತಲುಪಿತು. ಏನು ಚುರುಕು ಕಾಯಿದೆ!

ಆ ಫಿರ್ಯಾದನ್ನು ವಜಾ ಮಾಡಿಸಬೇಕು. ಖಾಸಗಿ ಜಾಗದಲ್ಲಿರುವ ಯಾರ ಚಕ್ಕಡಿಯನ್ನೂ ಮುಟ್ಟಕೂಡದೆಂದು ಸಂತೆಯ ದಿನ ಡಂಗುರ ಸಾರಿಸಬೇಕು. ಮುಟ್ಟಿದವರ ಗುತ್ತಿಗೆಯನ್ನು ರದ್ದುಮಾಡಬೇಕು. ಇಲ್ಲವಾದರೆ ಆರೋಪಿಗಳ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿರಿ. ಹಾಸಿಗೆಯಿಂದ ಇನ್ನೂ ಸರಿಯಾಗಿ ಏಳಲಾರದ ಅನ್ನವ್ವ ನಿನ್ನೆ ನನಗೆ ಹೇಳಿದಳು: “ಅಕ್ಕನ್ನ ಕೋರ್ಟಿಗೆ ಕರದ ದಿನ ನನ್ನೂ ಚಕ್ಕಡ್ಯಾಗ ಮಲಗಿಸಿಕೊಂಡು ನಡೀರಿ. ಕೂಸು ಎಲ್ಲಿ ಅಂತ ಸಾಹೇಬ್ರನ್ನ ನಾನ ಕೇಳತೇನಿ.”

ನಾವು ಬರುತ್ತೇವೆ. ಚಕ್ಕಡಿ ಎಲ್ಲಿ ನಿಲ್ಲಿಸಬೇಕೆಂದು ತಾವೇ ಹೇಳಿರಿ.

ಇಂತಿ,
ತನ್ನ ಚಕ್ಕಡಿಗೆ ತಾನೇ ಒಡೆಯನೆಂದು ನಂಬಿ ಕೆಟ್ಟ,
ತಿಳವಳ್ಳಿಯ ಉಳವಪ್ಪ