ಮೂಲೆಯ ಕಾಲಾಳು ಒಂದು ಮನೆ ಮುಂದೆ

ನಮ್ಮ ಹೊಲಿಗೆ ಅಂಗಡಿಯಿಂದ,
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಜ್ಜೀ,

ಮಂಡಿ ನೋವು ಹೇಗಿದೆ? ಚಿಕ್ಕಮ್ಮನ ಮನೆಯ ಮೆಟ್ಟಿಲು ಹತ್ತಿ ಇಳಿಯಬೇಡ, ಕೆಳಗಿನ ಕೋಣೆಯಲ್ಲೇ ಮಲಗು. ನಾನು ಚೆನ್ನಾಗಿದ್ದೇನೆ. ತಾನೂ ಚೆನ್ನಾಗಿದ್ದೇನೆಂದು ಬರೆಯಲು ಅಜ್ಜ ಹೇಳಿದ್ದಾನೆ. ನಾನು ನೋಡಿದ ಹಾಗೆ ಅರ್ಧ ಚೆನ್ನಾಗಿದ್ದಾನೆ. ನಿನ್ನೆ ಒಂದೇ ಅಂಗಿಗೆ ಎರಡೂ ಎಡತೋಳು ಹೊಲಿದ. ಬರೆದು ಮುಗಿಸಿದ ಮೇಲೆ ಕಾಗದ ಓದಿ ನೋಡುತ್ತಾನಂತೆ. ಓದಿದರೆ ಓದಲಿ. ನನ್ನ ಸುದ್ದಿಯೆಂದರೆ, ಅಂಗಡಿಯಿಂದ ಎರಡು ದಿನ ಹೊರಗೆ ಹಾಕಿಸಿಕೊಂಡಿದ್ದೆ. ಗಿರಾಕಿಯೊಬ್ಬ ಪ್ಯಾಂಟು ಬಿಗಿಯಾಯಿತೆಂದು ಕೂಗಾಡಿದ. ಪ್ಯಾಂಟು ಅಳತೆಗೆ ಸರಿಯಾಗಿದೆ, ಬೆಳೆದದ್ದು ನಿಮ್ಮ ಹೊಟ್ಟೆ ಎಂದೆ. ಟೇಪು ಹಿಡಿದು ತೋರಿಸಿಯೂ ಬಿಟ್ಟೆ. ಶಾಲೆ ಬಿಟ್ಟ ಮೂರು ವರ್ಷದಲ್ಲಿ ಇದು ಐದನೇ ಕೆಲಸ, ಇದನ್ನಾದರೂ ಉಳಿಸಿಕೊಳ್ಳಬೇಕು.

ಈಗ ಮುಖ್ಯ ವಿಷಯ. ಅಜ್ಜ ನಿನ್ನ ಆಟಕ್ಕೆ ಸೋತ. ನೀನು ಹೋಗಿ ಇವತ್ತಿಗೆ ಇಪ್ಪತ್ತಮೂರು ದಿನ. ಅವತ್ತು ಗಿರಾಕಿಗಳ ಎದುರು ಅವನು, “ನಿಂದು ಚೆಸ್ಸಲ್ಲ ಕಣೇ, ಮೂಲೆ ಗುಡಿಸೋ ಕೆಲಸ” ಎಂದದ್ದು ತಪ್ಪೇ. ಕರಿ ಕಾಯಿ ಸಿಕ್ಕಾಗಲೆಲ್ಲ ನೀನು ಮೂಲೆಯ ಕಾಲಾಳನ್ನು ಒಂದು ಮನೆ ಸರಿಸಿ ಆಟ ಶುರು ಮಾಡುವುದನ್ನು ನಲವತ್ತು ವರ್ಷದಿಂದ ಆಡಿಕೊಂಡು ನಗುತ್ತಿದ್ದಾನೆ. ಆ ಆಟದಲ್ಲಿ ನೀನು ಒಮ್ಮೆಯೂ ಗೆದ್ದಿಲ್ಲ ಎನ್ನುವುದೂ ನಿಜ. ಆದರೆ ಚೀಲ ಎತ್ತಿಕೊಂಡು, “ಇದೇ ಆಟಕ್ಕೆ ನೀವು ಸೋತ ದಿನ ಹೇಳಿ ಕಳಿಸಿ, ಬರ್ತೀನಿ” ಎಂದು ಬಸ್ಸು ಹತ್ತಿದ್ದು ಸ್ವಲ್ಪ ಹೆಚ್ಚಾಯಿತು. ಬೇಸರ ಮಾಡಿಕೊಳ್ಳಬೇಡ, ಅನಿಸಿದ್ದನ್ನು ಬರೆದೆ.

ಅಂದಿನಿಂದ ಭಾನುವಾರ ಭಾನುವಾರ ನಿನ್ನ ಪರವಾಗಿ ನಾನು ಕೂರುತ್ತಿದ್ದೇನೆ. ಮೊದಲ ಮೂರು ವಾರ ಚೆನ್ನಾಗಿ ಹೊಡೆಸಿಕೊಂಡೆ. ಇವತ್ತು ಬೆಳಗ್ಗೆ ಅಜ್ಜ ಬೇಗ ಎದ್ದು, ಕಿಟಕಿ ಪಕ್ಕದ ನಿನ್ನ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು, ಒರೆಸಿ, ಹೊಸ ದಾರ ಏರಿಸಿದ. ಆಮೇಲೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಆಟ ಹೂಡಿದೆವು. ಕಳೆದುಹೋದ ಮೂಲೆಯ ಕಾಲಾಳಿನ ಜಾಗದಲ್ಲಿ ನಿನ್ನ ಅದೇ ಕಪ್ಪು ಕೋಟಿನ ಗುಂಡಿ. ಅವನು ಎಂದಿನಂತೆ ನಡುವಿನ ಎರಡು ಕಾಲಾಳುಗಳನ್ನು ಎದೆಯುಬ್ಬಿಸಿ ತಂದು ನಿಲ್ಲಿಸಿದ. ನಾನು ಗುಂಡಿಯನ್ನು ಒಂದು ಮನೆ ಸರಿಸಿದೆ, ಅದರ ಪಕ್ಕದ ಕಾಲಾಳನ್ನು ಎರಡು ಮನೆ ನೂಕಿದೆ, ತೆರವಾದ ಜಾಗದಲ್ಲಿ ಒಂಟೆಯನ್ನು ಕೂರಿಸಿದೆ. “ಕಿಟಕಿ ತೆಗೆದು ಸುಮ್ನೆ ಕೂತ್ಕೋ, ಬೀದಿ ತಾನಾಗೇ ಕಾಣುತ್ತೆ” ಎಂದು ನೀನು ಕಲಿಸಿದ ಹಾಗೆಯೇ. ಒಂಟೆಯ ಓರೆದಾರಿಗೆ ಅಡ್ಡ ಇದ್ದದ್ದು ಅಜ್ಜನ ಒಂದೇ ಕಾಲಾಳು. ಅದರ ಹಿಂದೆಯೇ ಅವನ ರಾಣಿ. ಒಂದೂವರೆ ಗಂಟೆ ಕೂತಿದ್ದೆ ಅಜ್ಜೀ, ನಾನು! ನನ್ನ ಕಾಲು ಕುಣಿದು ಕುಣಿದು ಕಾಯಿಗಳೆಲ್ಲ ನಡುಗುತ್ತಿದ್ದವು. ಆಗ ಅಜ್ಜ ಆ ಕಾಲಾಳನ್ನು ಮುಂದೆ ನೂಕಿದ. ದಾರಿ ತೆರೆಯಿತು, ರಾಣಿ ಹೋಯಿತು. ಇನ್ನೂ ಹತ್ತು ನಡೆ ಆಡಿ, ರಾಜನನ್ನು ಮಲಗಿಸಿ, “ಅವಳ ಆಟಕ್ಕೆ ಸೋತೆ ಅಂತ ಬರಿ. ಅಷ್ಟೇ ಬರಿ” ಎಂದ.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ನಿನ್ನ ಕಾಲಿಗೆ ನಮಸ್ಕಾರ, ನೋಯುವ ಮಂಡಿಗೆ ಇನ್ನೊಂದು.

ಕೂತಲ್ಲಿ ಕೂರದ ನಿನ್ನ
ಮೊಮ್ಮಗ

ತಾ.ಕ.: ಅಜ್ಜ ಕಾಗದ ಓದಿ ತಲೆಯಾಡಿಸಿ, ಲಕೋಟೆ ತರಲು ಎದುರಿನ ಅಂಗಡಿಗೆ ಹೋಗಿದ್ದಾನೆ, ಬೇಗ ಬರೆಯುತ್ತೇನೆ. ಆ ಕಾಲಾಳನ್ನು ಅವನು ಬೇಕೆಂದೇ ನೂಕಿದ. ಕಳೆದ ಭಾನುವಾರ ಅದೇ ಕಾಲಾಳಿನ ಮೇಲೆ ಬೆರಳಿಟ್ಟು, “ಇದು ಕದಲಿದ್ರೆ ನನ್ನ ಕಥೆ ಮುಗೀತು” ಎಂದು ನನಗೆ ಪಾಠ ಹೇಳಿದವನೇ ಅವನು. ನಿನ್ನ ಮಿಷನ್ನಿಗೆ ಎಣ್ಣೆ ಬಿಟ್ಟದ್ದು ಆಟಕ್ಕೆ ಮೊದಲು ಎನ್ನುವುದನ್ನೂ ನೋಡು. ಹಾಗಾಗಿ ನಿನ್ನ ಮಾತಿನ ಪ್ರಕಾರ ನೀನು ಬರಲೇಬೇಕೆಂದಿಲ್ಲ. ಆದರೆ ನಲವತ್ತು ವರ್ಷ ಒಂದು ಕಾಲಾಳನ್ನೂ ನಿನಗೆ ಬಿಟ್ಟುಕೊಡದವನು ಇವತ್ತು ರಾಣಿಯನ್ನೇ ಬಿಟ್ಟುಕೊಟ್ಟ. ಬರುವುದಾದರೆ ಬೆಳಗಿನ ಬಸ್ಸಿಗೆ ಬಾ, ಬಂದು ಅವನನ್ನು ನಿಜವಾಗಿ ಸೋಲಿಸು. ಗುಂಡಿಯನ್ನು ಅದರ ಮೂಲೆಯಲ್ಲೇ ಇಟ್ಟಿದ್ದೇನೆ. ಇದನ್ನು ಬರೆದದ್ದು ಅವನಿಗೆ ಹೇಳಬೇಡ ಎನ್ನುವುದಿಲ್ಲ; ಕೇಳಿದರೆ ನಾನೇ ಹೇಳಿಬಿಡುತ್ತೇನೆ. ಚಪ್ಪಲಿ ಸದ್ದಾಯಿತು.