ಹದಿನೇಳನೆಯ ಒಪ್ಪಿಗೆ ಪತ್ರ

ಕುರೊಸೆ ಬಂದರು
ಜನವರಿ 14

ಚಿಹಾರು ಅಕ್ಕಾ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ತಡವರಿಸಿದ ಕೂಡಲೇ ನೀನು ಸುಮ್ಮನಾಗಿಬಿಡುತ್ತೀ. ಎದುರಿನವರು ಮಾತು ನಿಲ್ಲಿಸಿದರೆ ಬಾಯಿ ಹಾಕಬೇಡ, ಮನಸ್ಸಿನಲ್ಲೇ ಹತ್ತು ಎಣಿಸು, ಅವರೇ ಮುಂದುವರಿಸುತ್ತಾರೆ ಅಂತ ನನಗೆ ಕಲಿಸಿದವಳು ನೀನೇ ಅಲ್ಲವಾ. ನಿನ್ನ ಆ ಹತ್ತು ಎಣಿಕೆಯನ್ನು ತಡೆದುಕೊಳ್ಳುವ ಶಕ್ತಿ ಈಗ ನನಗಿಲ್ಲ. ಅದಕ್ಕೇ ಕಾಗದ.

ಹದಿನೆಂಟು ಒಪ್ಪಿಗೆ ಪತ್ರಗಳಲ್ಲಿ ಏಳಕ್ಕೆ ಮೊಹರು ಸಿಕ್ಕಿದೆ. ಇಪ್ಪತ್ತನೇ ತಾರೀಖಿನೊಳಗೆ ಎಲ್ಲರ ನಿಜವಾದ ಮೊಹರೂ ಬರದಿದ್ದರೆ ನಿನ್ನ ಪ್ರಬಂಧವನ್ನೇ ತಗೊಳ್ಳುವುದಿಲ್ಲ, ಎಂ.ಎ. ಅಲ್ಲಿಗೇ ಮುಗಿಯಿತು ಅಂತ ನಿಮ್ಮ ಮೇಡಂ ಹೇಳಿದ್ದು ಮರೆತಿಲ್ಲ. ದಿನಾ ಸಮುದ್ರದ ಸಿಂಪಿ ಒಡೆದು ಮಾಂಸ ತೆಗೆಯುವ ಶೆಡ್ಡಿನಿಂದ ಬಿಟ್ಟ ಮೇಲೆ ಮನೆಮನೆ ತಿರುಗುತ್ತಿದ್ದೇನೆ.

ಆಗಸ್ಟ್‌ನಲ್ಲಿ ನೀನು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ಊರಿನವರ ಸಂದರ್ಶನ ಮಾಡುವುದು ಹೇಗೆ ಅಂತ ನನಗೆ ಪಾಠ ಮಾಡಿದ್ದೆಯಲ್ಲ. ಪ್ರಶ್ನೆಯಲ್ಲೇ ಉತ್ತರ ಇಡಬಾರದು. ಹೆಸರು ಬೇಡ, ನಂಬರ್ ಹಾಕು. ಎಲ್ಲಕ್ಕಿಂತ ಮೊದಲು ಒಪ್ಪಿಗೆ ಪತ್ರಕ್ಕೆ, ಸಹಿಯ ಬದಲು, ಅವರವರ ಹೆಸರಿನ ಮೊಹರು. ಹತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಇದೆಲ್ಲ ಯಾಕೆ ಅಂದಿದ್ದಕ್ಕೆ, "ಮುದುಕರು ನನ್ನ ಮುಂದೆ ಬಾಯಿ ಬಿಡಲ್ಲ ಕಣೋ, ನಿನ್ನ ಮುಂದೆ ಬಿಡ್ತಾರೆ" ಅಂದೆ. ರೆಕಾರ್ಡರ್ ನನ್ನ ಕೈಗಿಟ್ಟು, ನಿನ್ನ ಯೂನಿವರ್ಸಿಟಿ ಇರುವ ಸೆಂಡಾಯ್‌ಗೆ ನೀನು ರೈಲು ಹತ್ತಿದೆ. ಅವತ್ತು ನನಗೆಷ್ಟು ಜಂಬ ಬಂದಿತ್ತು ಗೊತ್ತಾ?

ಅವರು ಬಾಯಿ ಬಿಟ್ಟರು ಅಕ್ಕಾ. ಊರು ಬಿಟ್ಟು ಯಾಕೆ ಹೋಗಲಿಲ್ಲ ಅಂತ ಕೇಳಿದರೆ ಯೋನೆ ಅಜ್ಜಿ ಒಣಗಿಸಿದ ಕಾಕಿ ಹಣ್ಣು ತಿನ್ನಿಸುತ್ತಾ ಎರಡು ಗಂಟೆ ಹೇಳಿದಳು. ಮೊಹರು ಅಂದ ಕೂಡಲೇ ಮುಖ ತಿರುಗಿಸಿದಳು. "ನಮ್ಮ ಯಜಮಾನರು ಯಾರದೋ ಸಾಲದ ಕಾಗದಕ್ಕೆ ಮೊಹರು ಒತ್ತಿ ದೋಣಿ ಕಳಕೊಂಡ್ರು. ಮಾತು ಎಷ್ಟು ಬೇಕಾದ್ರೂ ತಗೊಂಡ್ಹೋಗು, ಮೊಹರು ಮಾತ್ರ ಡಬ್ಬಿಯಿಂದ ಆಚೆ ಬರಲ್ಲ." ಎಲ್ಲರದ್ದೂ ಇದೇ ಮಾತು. ಮಾತು ಸಿಕ್ಕಿದೆ, ಮೊಹರಿನ ಕೆಂಪು ಗುಂಡು ಗುರುತಿಲ್ಲ ಅಂದರೆ ಯಾರಿಗೇನು ಅನ್ನಿಸಿತು. ಈ ಬಂದರಿನಲ್ಲಿ ಎಲ್ಲರ ಮನೆತನದ ಹೆಸರೂ ಹಮಾಡಾ, ಮೊಹರಿನಲ್ಲಿ ಇರುವುದೂ ಅಷ್ಟೇ. ಪಾರ್ಸೆಲ್ ಬಂದಾಗ ಒತ್ತುವ ನಮ್ಮ ಮನೆ ಮೊಹರು ಡ್ರಾಯರ್‌ನಲ್ಲೇ ಇತ್ತು. ಹದಿನೆಂಟು ಹೆಸರನ್ನೂ ನಾನೇ ಬರೆದು, ಹದಿನೆಂಟು ಸಲ ಒತ್ತಿದೆ.

ಚಿಕ್ಕವನಿದ್ದಾಗ ಆ ಮೊಹರಿನಿಂದ ಅಕ್ರೋಟು ಕುಟ್ಟಿ ಅಂಚು ಮುರಿದವನೂ ನಾನೇ. ಹದಿನೆಂಟು ಕಾಗದದಲ್ಲೂ ಒಂದೇ ಕಡೆ ಒಂದೇ ಮುಕ್ಕು. ಅದು ನಿಮ್ಮ ಮೇಡಂ ಕಣ್ಣಿಗೆ ಬಿತ್ತು.

ನೀನು ನನ್ನ ಬೈಯಲಿಲ್ಲ. "ಮಾತು ನಿಜ ತಾನೇ? ಹಾಗಿದ್ರೆ ಮೊಹರು ಮತ್ತೆ ತಗೋಬಹುದು" ಅಂದೆ. ಅದಕ್ಕಿಂತ ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ಈ ಸಲ ನಡೆದದ್ದನ್ನೆಲ್ಲ ಅವರಿಗೆ ಬಿಚ್ಚಿ ಹೇಳಿದೆ. ತೀರಿಹೋದ ನಮ್ಮ ಅಮ್ಮನ ಮೇಲಿನ ವಿಶ್ವಾಸಕ್ಕೆ ಏಳು ಜನ ಒತ್ತಿದರು. ಸದಾಕಿಚಿ ತಾತ ಕಾಲು ಬೆಚ್ಚಗಿಡುವ ಕಾವಿನ ಮೇಜಿನಡಿಯಿಂದ ಕಾಲೂ ಆಚೆ ತೆಗೆಯದೆ, "ಪೋಲೀಸರು ನಿನ್ನ ಕರ್ಕೊಂಡು ಹೋಗೋವಾಗ ಹೇಳು, ಸಿಂಪಿ ಬೇಯಿಸಿ ಕಟ್ಟಿಕೊಡ್ತೀನಿ" ಅಂತ ನಕ್ಕು, ಮೊಹರಿಲ್ಲದೆಯೇ ಕಳಿಸಿದ. ಯೋನೆ ಅಜ್ಜಿ ನಗಲಿಲ್ಲ. "ನನ್ನ ಹೆಸರಲ್ಲಿ ಒಂದ್ಸಲ ಒತ್ತಿದೀಯಲ್ಲ ಮಗಾ, ಇನ್ನು ನನ್ನ ಮೊಹರು ನಿನಗ್ಯಾಕೆ?" ಅಂದಳು. ನಾನು ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ. ಅವಳು ಎದ್ದು ಹೋಗಿ ಬಾಗಿಲು ತೆರೆದು ನಿಂತಳು.

ಇನ್ನೂ ನಾಲ್ಕು ಮನೆಗೆ ಹೋಗುವುದಿದೆ. ಮೂರರ ಉತ್ತರ ನನಗೆ ಗೊತ್ತು. ನಾಲ್ಕನೆಯದು ಹದಿನೇಳನೇ ನಂಬರಿನದು, ದೀಪಸ್ತಂಭದ ಆಚೆ ಇರುವ ತೊಮೆಜೊ ಮಾವನ ಮನೆ. ಅವರ ಮಾತಿನ ಮೇಲೇ ನಿನ್ನ ಮೂರನೇ ಅಧ್ಯಾಯ ನಿಂತಿದೆ ಅಂತ ನೀನು ಬರೆದಿದ್ದೆ. ನಾನು ಕಳಿಸಿದ ಕಾಗದದಲ್ಲಿ ಅವರ ಮಾತು ಹೀಗಿತ್ತು: "ನಾನು ಹೋಗಲಿಲ್ಲ ಅಂತಲ್ಲ. ಹೋಗಿ ಬಂದೆ. ಬಂದದ್ದನ್ನ ಯಾರೂ ಲೆಕ್ಕಕ್ಕೇ ಹಿಡೀಲಿಲ್ಲ." ಮೇಡಂ ಅದನ್ನು ತರಗತಿಯಲ್ಲಿ ಎರಡು ಸಲ ಓದಿದರು ಅಂತ ನೀನು ಹೇಳಿದ ದಿನ, ಶೆಡ್ಡಿನಲ್ಲಿ ನನ್ನ ಕೈಲಿ ಒಂದು ಸಿಂಪಿಯೂ ಒಡೆಯಲಾಗಲಿಲ್ಲ.

ಅಪ್ಪನಿಗೆ ಇನ್ನೂ ಏನೂ ಗೊತ್ತಿಲ್ಲ. ಮಾರ್ಚ್‌ನ ಪದವಿ ಸಮಾರಂಭಕ್ಕೆ ಅಂತ ಕೋಟನ್ನು ಒಗೆಯಲು ಕೊಟ್ಟು ಬಂದಿದ್ದಾರೆ.

ನಿನ್ನ ಎರಡು ವರ್ಷ ಹಾಳುಮಾಡಿದ ತಮ್ಮ,
ಇತ್ಸುಕಿ

ಮರೆತು ಬಿಟ್ಟದ್ದಲ್ಲ, ಬರೆಯಲು ಹೆದರಿ ಕೊನೆಗಿಟ್ಟದ್ದು: ತೊಮೆಜೊ ಮಾವ ಏಪ್ರಿಲ್‌ನಲ್ಲೇ, ನೀನು ರೆಕಾರ್ಡರ್ ಕೊಡುವ ಮೊದಲೇ, ಮಗಳ ಮನೆಗೆ ಹೊರಟುಹೋದರು, ಬಾಗಿಲಿಗೆ ಬೀಗ. ಅವರ ಮನೆಗೆ ಹೋದ ದಿನ ರೆಕಾರ್ಡರ್ ಕೈಕೊಟ್ಟಿತು, ಕೈಯಲ್ಲೇ ಬರೆದುಕೊಂಡೆ ಅಂತ ನಿನಗೆ ಹೇಳಿದ್ದು ಸುಳ್ಳು. ನೀನು ಹದಿನೆಂಟು ಮನೆಗಳ ಪಟ್ಟಿ ಮಾಡಿದಾಗ ಅದರಲ್ಲಿ ನಮ್ಮ ಮನೆ ಇರಲಿಲ್ಲ. ಸೆಂಡಾಯ್‌ನಲ್ಲಿ ನಾಲ್ಕು ತಿಂಗಳು ಕೆಲಸ ಮಾಡಿ ವಾಪಸ್ ಬಂದ ನನ್ನನ್ನು ನೀನೂ ಒಂದು ಮಾತು ಕೇಳಿರಲಿಲ್ಲ. ನಿನ್ನ ಪ್ರಶ್ನೆಯನ್ನು ಅಡುಗೆಮನೆಯಲ್ಲಿ ಕೂತು ನನಗೆ ನಾನೇ ಕೇಳಿಕೊಂಡೆ. ಹತ್ತು ಎಣಿಸಿದೆ. ಬಾಯಿಗೆ ಬಂದದ್ದನ್ನು ಹದಿನೇಳನೇ ನಂಬರಿನಲ್ಲಿ ಬರೆದೆ. ಒಡಹುಟ್ಟಿದವರ ಮಾತು ಸಂಶೋಧನೆಗೆ ನಡೆಯುವುದಿಲ್ಲ ಅಂತ ನೀನೇ ಹೇಳಿಕೊಟ್ಟಿದ್ದೆ, ಅದೂ ನೆನಪಿದೆ. ಆದರೂ ಅಕ್ಕಾ, ಆ ಹದಿನೆಂಟು ಕಾಗದದಲ್ಲಿ ಅದೊಂದರ ಮೇಲಿನ ಮೊಹರು ಮಾತ್ರ, ಮಾತಾಡಿದವನೇ ಒತ್ತಿದ್ದು.