ನಿನ್ನ ಕಾಲಿನ ಅಚ್ಚು

ಕುರ್ಲಾ, ೧೯೫೪

ಗುರಸಿದ್ದಣ್ಣಾ,

ನಿನ್ನ ಮಣ್ಣಿಗಿಟ್ಟ ಮ್ಯಾಲೆ ನಿನ್ನ ಸೈಕಲ್ ನಾನ ಹೊಡಿಯಾಕತ್ತೀನಿ. ಆದ್ರ ನನ್ನ ಅಗಲ ಪಾದಕ್ಕ ದಾದರಿನ ಯಾವ ಅಂಗಡಿ ಬೂಟೂ ಆಗಲಿಲ್ಲ. ಪೆಡಲ್ ತುಳಿದಾಗೆಲ್ಲ ಬೆರಳು ಹಿಂಡತಿತ್ತು. ಕಡೀಕ ನಿನಗ ಬೂಟು ಹೊಲೀತಿದ್ದ ಮಾಯಪ್ಪನ ಕಡೆನ ಹೊಲಿಸಿದೆ.

ಇವತ್ತ ಹಾಕ್ಕೊಂಡೆ. ಎಲ್ಲೂ ಬಿಗಿ ಇಲ್ಲ. ಆದ್ರ ಎಡಗಾಲಿನ ಕಿರುಬೆರಳಿನ ಕಡೆ ಚರ್ಮ ಉಬ್ಬಿತ್ತು. ನಿನ್ನ ಕಿರುಬೆರಳು ಪಕ್ಕದ ಬೆರಳಿನ ಮ್ಯಾಲೆ ಏರಿ ಕೂಡತಿತ್ತಲ್ಲ, ಅಲ್ಲೇ.

"ಶೆಟ್ಟೆಪ್ಪಾರ, ನಿಮ್ಮಣ್ಣಾರ ಕಾಲಿಗಂತ ಬೂಟಿನ ಕಟಗಿ ಅಚ್ಚಿಗೆ ಕಿರುಬೆರಳಿನ ಕಡೆ ಚರ್ಮದ ತುಂಡು ಬಡಿದಿಟ್ಟಿದ್ದೆ. ಒಂದ ಮನಿ ಕಾಲಂತ ಅದರ ಮ್ಯಾಲೇ ಹೊಲದೀನಿ," ಅಂದ ಮಾಯಪ್ಪ. "ಅವರು ಆರಾಮ ಅದಾರಲ್ರಿ?"

ಅದಾನ, ಅಂದೆ.

ಮನಿತನಕ ಸೈಕಲ್ ಹೊಡೆದೆ, ಒಂದು ಸಲನೂ ನೋಯಲಿಲ್ಲ. ನಾವಿರೋ ಚಾಳಿನ ಕೆಳಗ ಬೂಟು ಬಿಚ್ಚಿ ನೋಡಿದ್ರ, ನನ್ನ ಕಿರುಬೆರಳು ಪಕ್ಕದ್ದರ ಮ್ಯಾಲೆ ಏರಿ ಕೂತಿತ್ತು. ಕೈಲೆ ಕೆಳಗ ಇಳಿಸಿದೆ. ಮತ್ತ ಏರಿತು.

ಬೂಟು ಹಾಕ್ಕೊಂಡು ಮೆಟ್ಟಲು ಹತ್ತಿದೆ. ಸಪ್ಪಳ ಕೇಳಿ ಅವ್ವ ಒಳಗಿಂದ್ಲೇ ಕೂಗಿದಳು. "ಬಂದ್ಯಾ ಗುರಸಿದ್ದಾ? ಕಾಲು ತೊಳಕೊಂಡು ಬಾ."

ನೀ ಹೋದಾಗಿಂದ ಅಕಿ ದನಿಯೊಳಗ ನಗು ಕೇಳಿರಲಿಲ್ಲ. ಹೂಂ, ಅಂದೆ.

ನನ್ನ ಮಾರಿ ನೋಡಕೋಂತ ಉಣ್ಣಾಕ ಬಡಿಸಿದಳು. ಶೆಟ್ಟೆಪ್ಪ ಎಲ್ಲಿ ಅಂತ ಅಕಿ ಇನ್ನೂ ಕೇಳಿಲ್ಲ.